ಕಡಲೂರಲ್ಲಿ ವಸ್ತಿ

ರಾಯಚೂರು ಜಿಲ್ಲೆಯ ಮಾನ್ವಿಯಿಂದ ಗೋಕರ್ಣಕ್ಕೆ ಮೊದಲ ಸಲ ಹೊರಟಾಗ ನಾವು ಕ್ರೂಜರ್ ಗಾಡಿಯ ತಲೆಯ ಮೇಲೆ ಒಂದು ಕೂಲರ್ ಕಟ್ಟಿಕೊಂಡು ಹೋಗಿದ್ದೆವು. ನಗಬೇಡಿ. ಅದು ಮೇ ತಿಂಗಳು, ಊರಲ್ಲಿ ಬಿಸಿಲು 43 ಡಿಗ್ರಿ ದಾಟಿತ್ತು. ಗಾಡಿಯಲ್ಲಿ ಹನ್ನೊಂದು ಮಂದಿ, ಅವರಲ್ಲಿ ಇಬ್ಬರು ಮುಪ್ಪಿನವರು, ಒಂದು ಎಳೆಗೂಸು. "ಅಲ್ಲಿ ಲಾಡ್ಜಿನಾಗ ಏನ್ ಇರ್ತೈತೋ ಏನ್ ಇಲ್ಲೋ, ಕೂಲರ್ ನಮ್ದು ನಮಗಿರ್ಲಿ" ಎಂದು ಸೋದರತ್ತೆ ಹಠ ಹಿಡಿದರು. ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿಯುವಾಗ ಹಗ್ಗ ಸಡಿಲಾಗಿ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ಅಂಕೋಲೆಯ ಹತ್ತಿರ ಕೋಳಿ ಅಂಗಡಿಯವನೊಬ್ಬ ಕೂಲರನ್ನು ನೋಡಿ ನಕ್ಕಿದ್ದು ನಮಗೆ ಆಗ ಅರ್ಥವಾಗಲಿಲ್ಲ.

ರಾತ್ರಿ ಅರ್ಥವಾಯಿತು. ಲಾಡ್ಜಿನ ಕೋಣೆಯಲ್ಲಿ ಕೂಲರ್ ಇಟ್ಟು, ಕೊಡಗಟ್ಟಲೆ ನೀರು ಸುರಿದು ಹಚ್ಚಿದೆವು. ಅರ್ಧ ತಾಸಿನಲ್ಲಿ ಗೋಡೆ ಬೆವರಿತು, ಹಾಸಿಗೆ ಹಸಿಯಾಯಿತು, ಕೂಸು ಚೀರತೊಡಗಿತು. ಕಾರಣ ಸರಳ. ಕೂಲರಿನ ಹುಲ್ಲಿನಲ್ಲಿರುವ ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರಿಕೊಳ್ಳುತ್ತದೆ. ರಾಯಚೂರಿನ ಬೇಸಿಗೆ ಗಾಳಿ ಒಣಗಿದ ಹಪ್ಪಳದಂತಿರುವುದರಿಂದ ಅದು ನೀರನ್ನು ಗಟಗಟ ಕುಡಿಯುತ್ತದೆ, ತಂಪು ಕೊಡುತ್ತದೆ. ಕಡಲ ದಂಡೆಯ ಗಾಳಿ ಮೊದಲೇ ನೀರು ಕುಡಿದು ಮತ್ತವಾಗಿರುತ್ತದೆ. ಅದಕ್ಕೆ ಮತ್ತೆ ನೀರು ಕುಡಿಸಿದರೆ ಕೋಣೆ ಹಬೆ ಇಡ್ಲಿಯ ಪಾತ್ರೆಯಾಗುತ್ತದೆ. ಉಷ್ಣಮಾಪಕದಲ್ಲಿ ಅಲ್ಲಿ 33 ಡಿಗ್ರಿ ಇದ್ದಿರಬೇಕು, ನಮ್ಮೂರಿಗಿಂತ ಹತ್ತು ಡಿಗ್ರಿ ಕಡಿಮೆ. ಆದರೂ ಆ ರಾತ್ರಿ ನಾವು ಯಾರೂ ಮಲಗಲಿಲ್ಲ.

ಅಂದಿನಿಂದ ನಾಲ್ಕೈದು ಸಲ ಕರಾವಳಿಗೆ ಹೋಗಿ ಬಂದಿದ್ದೇನೆ. ಸಂಬಂಧಿಕರು, ಸಹೋದ್ಯೋಗಿಗಳು ಹೊರಡುವ ಮುಂಚೆ ಫೋನ್ ಮಾಡಿ "ಎಲ್ಲಿ ವಸ್ತಿ ಮಾಡೋಣ?" ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನೆರಳು, ತಂಪು, ನೀರು, ಮಲಗುವ ಜಾಗದ ಬಗ್ಗೆ ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ನಮಗೆ ಕಲಿಸಿದ ಲೆಕ್ಕವೆಲ್ಲ ಅಲ್ಲಿ ತಲೆಕೆಳಗು. ಲಾಡ್ಜಿನ ಫೋಟೋ ನೋಡುವ ಮೊದಲು ಆ ಲೆಕ್ಕವನ್ನು ತಿರುವಿ ಹಾಕಿಕೊಳ್ಳಬೇಕು.

ವಸ್ತಿ ಎನ್ನುವ ಮಾತು ನಮ್ಮ ಕಡೆ ಇನ್ನೂ ಜೀವಂತ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ತಾಲ್ಲೂಕಿಗೆ ಮರಳುವ ಬಸ್ಸು ವಸ್ತಿ ಬಸ್ಸು. ಬೀಗರ ಮನೆಗೆ ಹೋದವರು ಸಂಜೆ ಎದ್ದರೆ "ಇವತ್ತೊಂದಿನ ವಸ್ತಿ ಇರ್ರಿ" ಎನ್ನುತ್ತಾರೆ. ಹೋಟೆಲ್ ಎಂದರೆ ನಮಗೆ ತಿನ್ನುವ ಜಾಗ, ಲಾಡ್ಜ್ ಎಂದರೆ ಮಲಗುವ ಜಾಗ. ಎರಡೂ ಒಂದೇ ಸೂರಿನ ಕೆಳಗಿರುವುದು ಈಚಿನ ಪದ್ಧತಿ. ಅದಕ್ಕೂ ಮುಂಚೆ ನಮ್ಮವರು ಲಾಡ್ಜು ಹಿಡಿಯುತ್ತಲೇ ಇರಲಿಲ್ಲ. ಮಠದಲ್ಲೋ ಗುಡಿಯ ಪೌಳಿಯಲ್ಲೋ ಛತ್ರದಲ್ಲೋ ಜಮಖಾನೆ ಹಾಸಿಕೊಂಡರೆ ಮುಗಿಯಿತು. ನಿಜಾಮರ ಕಾಲದ ಹಿರಿಯರ ಬಾಯಲ್ಲಿ ಮುಸಾಫಿರ್‌ಖಾನಾ ಎಂಬ ಮಾತೂ ಇತ್ತು. ರಾಯಚೂರು ಹೇಳಿ ಕೇಳಿ ದಾರಿಹೋಕರ ಊರು. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲು ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ಇಲ್ಲೇ. ಗುರುವಾರದ ಹಿಂದುಮುಂದಿನ ದಿನಗಳಲ್ಲಿ ಮಂತ್ರಾಲಯಕ್ಕೆ ಹೋಗುವವರು, ಪಂಚಮುಖಿಗೆ ಬಂದವರು, ಹತ್ತಿ ಭತ್ತದ ವ್ಯಾಪಾರಕ್ಕೆ ಬಂದವರು ಎಲ್ಲರೂ ಇಲ್ಲಿ ಒಂದು ರಾತ್ರಿ ಕಳೆಯುವವರೇ. ಅಂಥ ಊರಿನವರಾದ ನಮಗೆ ಲಾಡ್ಜು ಎಂದರೆ ದಾರಿಯ ನಡುವೆ ಕಣ್ಣು ಮುಚ್ಚುವ ಜಾಗ, ಅಷ್ಟೇ. ನಾಲ್ಕು ದಿನ ಸುಮ್ಮನೆ ಕೂತು, ಗಾಳಿ ಕುಡಿದು ಬರುವುದಕ್ಕೆಂದೇ ಕೋಣೆ ಆರಿಸುವ ರೂಢಿ ನಮಗಿಲ್ಲ. ಹಾಗಾಗಿಯೇ ತಪ್ಪುತ್ತೇವೆ.

ಆರಿಸಲು ಗೊತ್ತಿದ್ದವರು ನಮ್ಮ ಸೀಮೆಯಲ್ಲೂ ಇದ್ದರು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ. 1840ರ ದಶಕದಲ್ಲಿ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನಗೊಂದು ಬಂಗಲೆ ಕಟ್ಟಿಸಿಕೊಂಡ. ಊರೊಳಗಲ್ಲ, ಗುಡ್ಡದ ಮೇಲೆ. ಟೇಲರ್ ಮಂಜಿಲ್ ಎಂದು ಇಂದಿಗೂ ಕರೆಯುವ ಆ ಮನೆಯ ಹೊರಗೆ ಏಪ್ರಿಲ್ ಸಂಜೆ ನಿಂತರೆ ಕೆಳಗಿನ ಊರು ಬೇಯುತ್ತಿರುವಾಗಲೂ ಮೈಗೆ ಗಾಳಿ ಸೋಕುತ್ತದೆ. ಲೋಕೋಪಯೋಗಿ ಇಲಾಖೆಯ ಹಳೆಯ ಐಬಿಗಳನ್ನು, ಈಗಿನ ಬೋರ್ಡಿನ ಪ್ರಕಾರ ಪ್ರವಾಸಿ ಮಂದಿರಗಳನ್ನು, ಕಟ್ಟಿದವರಿಗೂ ಈ ಬುದ್ಧಿ ಇತ್ತು: ದಿಬ್ಬ ನೋಡಿ, ಮರ ನೋಡಿ, ಸುತ್ತ ಪಡಸಾಲೆ ಬಿಟ್ಟು ಕಟ್ಟುತ್ತಿದ್ದರು. ಇಂದು ಕಡಲೂರಲ್ಲಿ ಲಕ್ಷಣವಾದ ಕೋಣೆ ಹುಡುಕುವವರಿಗೂ ಮೊದಲ ಪಾಠ ಇದೇ. ಗಾಳಿ ಎತ್ತಣಿಂದ ಬರುತ್ತದೆ ಎಂದು ಮೊದಲು ಕೇಳಬೇಕು.

ಕರಾವಳಿಯಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನಕ್ಕೆ ಕಾಯುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ, ಅಂದರೆ ಪಡುವಣದಿಂದ, ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಹರಿಯುತ್ತದೆ. ಹಾಗಾದರೆ ಕೋಣೆಗೆ ಪಡುವಣಕ್ಕೊಂದು, ಮೂಡಣಕ್ಕೊಂದು ಕಿಟಕಿ ಬೇಕು. ಕಡಲಿಗೆ ಮುಖಮಾಡಿದ ಒಂದೇ ದೊಡ್ಡ ಗಾಜು, ಹಿಂದೆ ಗೋಡೆ, ಅದರ ಹಿಂದೆ ಉದ್ದನೆಯ ಕಾರಿಡಾರು ಇದ್ದರೆ ಫೋಟೋ ಬಹಳ ಚೆಂದ ಬರುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ಅದೇ ಕೋಣೆ ನಮ್ಮ ಕೂಲರ್ ಕೋಣೆಯ ತಮ್ಮನಾಗುತ್ತದೆ. ಬಾಲ್ಕನಿಯಿಂದ ಕಡಲು ಕಾಣದಿದ್ದರೂ ಪರವಾಗಿಲ್ಲ, ಎರಡು ಕಡೆ ತೆರೆಯುವ ಮೂಲೆಯ ಕೋಣೆ ಕೊಡಿ ಎಂದು ನಾನು ಕೌಂಟರಿನಲ್ಲಿ ಕೇಳುತ್ತೇನೆ. ಎಷ್ಟೋ ಸಲ ಅದಕ್ಕೆ ಬಾಡಿಗೆಯೂ ಕಡಿಮೆ.

ಸೂರನ್ನೂ ನೋಡಬೇಕು. ನಮ್ಮ ಸೀಮೆಯಲ್ಲಿ ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು. ಆದ್ದರಿಂದ ಮಾಳಿಗೆ ಚಪ್ಪಟೆ. ಬೇಸಿಗೆಯಲ್ಲಿ ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಕೌದಿ ಹಾಸಿ, ಚುಕ್ಕಿ ಎಣಿಸುತ್ತ ಮಲಗುವುದೇ ನಮ್ಮ ದೊಡ್ಡ ಸುಖ. ಕರಾವಳಿಯಲ್ಲಿ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಅಲ್ಲಿ ಸೂರು ಇಳಿಜಾರು. ಬಯಲಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಹೊದಿಕೆ ಹಿಂಡುವಂತಿರುತ್ತದೆ, ಸೊಳ್ಳೆಯ ಕಥೆ ಬೇರೆ. ಅಲ್ಲಿನ ಜಾಣ್ಮೆ ಇರುವುದು ಹಂಚಿನಲ್ಲಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ದೇಶವನ್ನೆಲ್ಲ ಸುತ್ತಿತು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೆ ತೂರಿಹೋಗುತ್ತದೆ, ಕೋಣೆ ಉಸಿರಾಡುತ್ತದೆ. ಹಂಚಿನ ಮನೆ, ಕೆಂಪು ಕಲ್ಲಿನ ಗೋಡೆ, ಮುಂದೊಂದು ಜಗಲಿ ಇರುವ ಹಳೆಯ ಮನೆಯನ್ನೇ ತಂಗುದಾಣ ಮಾಡಿದ್ದರೆ ಕಣ್ಣು ಮುಚ್ಚಿ ಹಿಡಿಯಿರಿ. ಕಾಂಕ್ರೀಟಿನ ಮೇಲೆ ಅಂದಕ್ಕೆಂದು ಹಂಚು ಅಂಟಿಸಿದ್ದರೆ ಅದು ಟೋಪಿ, ಸೂರಲ್ಲ. ಒಳಗೆ ಹೋಗಿ ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ನೀರು. ರಾಯಚೂರಿನವರಿಗೆ ನೀರಿನ ವಿಷಯ ಹೇಳಿಕೊಡಬೇಕಿಲ್ಲ. ಎರಡು ಹೊಳೆಗಳ ನಡುವೆ ಇದ್ದೂ ಸವಳು ಬೋರಿನ ನೀರು ಕುಡಿದವರು ನಾವು. ಆದರೂ ಕಡಲೂರಲ್ಲಿ ನೀರು ಹೇರಳ ಎಂದು ಭಾವಿಸುತ್ತೇವೆ. ದಂಡೆಗೆ ತೀರ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ಹತ್ತುತ್ತದೆ. ಸಿಹಿನೀರಿನ ಮಟ್ಟ ಕುಸಿದಾಗ ಕಡಲ ನೀರು ಒಳಗೆ ನುಗ್ಗುತ್ತದೆ. ಸಮುದ್ರಸ್ನಾನ ಮಾಡಿ ಬಂದು ಮತ್ತೆ ಉಪ್ಪುನೀರಲ್ಲೇ ಮೈ ತೊಳೆದರೆ ಮೈಯೆಲ್ಲ ಅಂಟು, ತುರಿಕೆ. ಕೋಣೆ ಒಪ್ಪಿಕೊಳ್ಳುವ ಮುಂಚೆ ನಲ್ಲಿ ತಿರುವಿ, ಒಂದು ಹನಿ ನಾಲಿಗೆಗೆ ಹಚ್ಚಿ ನೋಡುವುದರಲ್ಲಿ ನಾಚಿಕೆ ಏನಿಲ್ಲ.

ಅದೇ ಹೊತ್ತಿಗೆ ಬಾಲ್ಕನಿಯ ಕಬ್ಬಿಣದ ಕಂಬಿಯನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ಉಪ್ಪುಗಾಳಿ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಬಳಿದಿದ್ದರೂ ಬುಡ ಹಪ್ಪಳದಂತೆ ಪುಡಿಯಾಗಿರುವುದುಂಟು. ಮಕ್ಕಳಿದ್ದರೆ ಇದು ಮೊದಲ ಕೆಲಸ. ಎರಡನೆಯದು ದಿಂಬು ಮೂಸುವುದು. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಬಾಗಿಲು ತೆರೆದ ಕೋಣೆಗಳಲ್ಲಿ ಹಾಸಿಗೆಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಊದುಬತ್ತಿ ಜೋರಾಗಿ ಹಚ್ಚಿಟ್ಟಿದ್ದರೆ ನನಗಂತೂ ಅನುಮಾನ ಹೆಚ್ಚುತ್ತದೆ.

ಸರಿ, ಯಾವ ಊರು? ನಮ್ಮ ಕಡೆಯವರು ಕಡಲು ನೋಡಲೆಂದೇ ಕಡಲಿಗೆ ಹೋಗುವವರಲ್ಲ. ದೇವರ ನೆಪ ಬೇಕು. ಮಾನ್ವಿ, ದೇವದುರ್ಗ ತಾಲ್ಲೂಕುಗಳು ದಾಸರ ನೆಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲರೂ ಇಲ್ಲಿಯವರೇ. ಆ ಪರಂಪರೆಯ ಮನೆಗಳಿಗೆ ಉಡುಪಿಯ ದಾರಿ ಎಂದೋ ಗೊತ್ತು. ಉಳಿದವರಿಗೆ ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ ಮೊದಲಾದ ಊರುಗಳನ್ನು ಸೇರಿಸಿದ ಒಂದು ಸುತ್ತು. ಐದು ದಿನದಲ್ಲಿ ಎಂಟು ಊರು, ಪ್ರತಿ ರಾತ್ರಿ ಬೇರೆ ಲಾಡ್ಜು. ಮರಳಿ ಬಂದಾಗ ಸೊಂಟ ನೋವು, ಫೋನಿನಲ್ಲಿ ಗೋಪುರಗಳ ಫೋಟೋ. ಈ ಸುತ್ತಿನಿಂದ ಎರಡು ಊರು ಕಡಿಮೆ ಮಾಡಿ, ಒಂದು ಕಡೆ ಎರಡು ರಾತ್ರಿ ಉಳಿಯಿರಿ ಎಂಬುದೊಂದೇ ನನ್ನ ವಿನಂತಿ.

ಆ ಎರಡು ರಾತ್ರಿ ಗೋಕರ್ಣದಲ್ಲಾದರೆ ಆಯ್ಕೆಗೆ ಎರಡು ಲೋಕಗಳಿವೆ. ಒಂದು ಊರೊಳಗಿನ ರಥಬೀದಿ. ಮಹಾಬಲೇಶ್ವರನ ಗುಡಿಯ ಸುತ್ತ ಕ್ಷೇತ್ರ ಪುರೋಹಿತರ ಹಳೆಯ ಮನೆಗಳಿವೆ. ಅಪರಕರ್ಮಕ್ಕೆ, ಪೂಜೆಗೆ ಬಂದವರು ಭಟ್ಟರ ಮನೆಯಲ್ಲೇ ಉಳಿದು, ಅವರ ಪಂಕ್ತಿಯಲ್ಲೇ ಉಂಡು ಹೋಗುವುದು ಅಲ್ಲಿನ ಹಳೆಯ ವಾಡಿಕೆ. ಹೋಂ ಸ್ಟೇ ಎಂಬ ಮಾತು ಹುಟ್ಟುವ ಮುಂಚಿನ ಹೋಂ ಸ್ಟೇ ಅದು. ಈಗಲೂ ಕೆಲವು ಮನೆಗಳು ಕೋಣೆ ಕೊಡುತ್ತವೆ. ಬಚ್ಚಲು ಹೊರಗಿರಬಹುದು, ಮಡಿ ಮೈಲಿಗೆಯ ನಿಯಮಗಳಿರಬಹುದು, ಆದರೆ ನೆಲ ತಣ್ಣಗಿರುತ್ತದೆ, ಊಟ ಬಿಸಿಯಾಗಿರುತ್ತದೆ. ಇನ್ನೊಂದು ಲೋಕ ಗುಡ್ಡದ ಆಚೆ, ಕುಡ್ಲೆ ಮತ್ತು ಓಂ ಬೀಚುಗಳಲ್ಲಿ. ಗೋವಾದ ಗದ್ದಲದಿಂದ ತಪ್ಪಿಸಿಕೊಂಡು ಬಂದ ವಿದೇಶಿ ಅಲೆಮಾರಿಗಳಿಗೆ ಸ್ಥಳೀಯರು ತೆಂಗಿನ ಮಡಲಿನ ಗುಡಿಸಲು ಹಾಕಿಕೊಟ್ಟದ್ದು ಅದರ ಆರಂಭ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ದೇಶದ ಹುಡುಗರೂ ಬಂದರು. ಒಂದು ಮಂಚ, ಒಂದು ಸೊಳ್ಳೆಪರದೆ, ಒಂದು ಬಲ್ಬು, ಹತ್ತು ಹೆಜ್ಜೆಗೆ ಅಲೆ. ಮುಪ್ಪಿನವರನ್ನು, ಎಳೆಗೂಸನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಗಾಡಿ ಮೇಲೇ ನಿಲ್ಲುತ್ತದೆ, ಮೆಟ್ಟಿಲು ಇಳಿಯಬೇಕು. ಆದರೆ ಮದುವೆಯಾದ ಹೊಸ ಜೋಡಿ ಕೇಳಿದರೆ ನಾನು ಅಲ್ಲಿಗೇ ಕಳಿಸುತ್ತೇನೆ.

ಶಿವರಾತ್ರಿಯ ತೇರಿನ ಹೊತ್ತಿಗೆ ಗೋಕರ್ಣದಲ್ಲಿ, ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಜನವರಿ 18ರ ಪರ್ಯಾಯದ ಹೊತ್ತಿಗೆ ಉಡುಪಿಯಲ್ಲಿ, ಡಿಸೆಂಬರಿನ ಕೊನೆಯ ವಾರ ಎಲ್ಲೆಡೆ, ಕೋಣೆ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಎರಡು ಮೂರು ಪಟ್ಟು. ಹಬ್ಬವನ್ನೇ ನೋಡಬೇಕೆಂದರೆ ಸರಿ. ಕಡಲು ನೋಡಬೇಕೆಂದರೆ ಆ ದಿನಗಳನ್ನು ಬಿಡಿ.

ಮುರ್ಡೇಶ್ವರ ನಮ್ಮವರ ಅಚ್ಚುಮೆಚ್ಚು. ಉದ್ಯಮಿ ಆರ್. ಎನ್. ಶೆಟ್ಟರು ಕಟ್ಟಿಸಿದ 249 ಅಡಿಯ ರಾಜಗೋಪುರ, ಅದರೊಳಗೆ ಲಿಫ್ಟು, ಹಿಂದೆ 123 ಅಡಿಯ ಶಿವ, ಮೂರು ಕಡೆ ನೀರು. ಗುಡಿಯ ಹತ್ತಿರವೇ ದೊಡ್ಡ ಲಾಡ್ಜುಗಳಿವೆ. ಗಾಡಿ ಬಾಗಿಲಿಗೇ ಬರುತ್ತದೆ, ಚಾಲಕನಿಗೆ ಮಲಗಲು ಜಾಗ ಕೊಡುತ್ತಾರೆ. ಹನ್ನೊಂದು ಮಂದಿಯ ಕುಟುಂಬಕ್ಕೆ ಅನುಕೂಲ. ಲಕ್ಷಣ ಅಂತೇನೂ ಇಲ್ಲ, ನಿಜ ಹೇಳಬೇಕೆಂದರೆ. ಅನುಕೂಲ ಮತ್ತು ಲಕ್ಷಣ ಒಂದೇ ಲಾಡ್ಜಿನಲ್ಲಿ ಕೂಡಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಕಾರವಾರದ ಬಗ್ಗೆ ನಮ್ಮ ಕಡೆ ಮಾತೇ ಇಲ್ಲ, ಅಲ್ಲಿ ಹೆಸರಾದ ಕ್ಷೇತ್ರವಿಲ್ಲವಲ್ಲ! 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ದಿನ ಉಳಿದು, ಕಾಳಿ ನದಿಯಲ್ಲಿ ದೋಣಿಯಲ್ಲಿ ತಿರುಗಿ, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ದಂಡೆಗೆ ಈಗ ಅವರದೇ ಹೆಸರು. ಅದೇ ಕಾಳಿ ನದಿ ಕಡಲು ಸೇರುವಲ್ಲಿ, ಆಚೆ ದಡದಲ್ಲಿ ದೇವಬಾಗ. ಅಲ್ಲಿ ಗಾಳಿಮರದ ತೋಪಿನ ನಡುವೆ ಜಂಗಲ್ ಲಾಡ್ಜಸ್‌ನವರ ಮರದ ಮನೆಗಳಿವೆ. ಜಂಗಲ್ ಲಾಡ್ಜಸ್ ಎಂದರೆ 1980ರಲ್ಲಿ ಹುಟ್ಟಿದ, ಕಾಡಿನ ತಂಗುದಾಣಗಳಿಗೆ ಹೆಸರಾದ ನಮ್ಮ ರಾಜ್ಯ ಸರ್ಕಾರದ ಸಂಸ್ಥೆ. ಗಾಳಿಮರದ ಸದ್ದು ಕೇಳಿದ್ದೀರಾ? ಸೂಜಿಯಂಥ ಎಲೆಗಳ ನಡುವೆ ಗಾಳಿ ಹಾಯ್ದಾಗ ದೂರದಲ್ಲಿ ಮಳೆ ಬರುತ್ತಿರುವಂತೆ ಕೇಳಿಸುತ್ತದೆ. ಮಳೆಗೆ ಕಾದು ಕೂರುವ ನಾಡಿನಿಂದ ಬಂದ ನಮಗೆ ಮೊದಲ ರಾತ್ರಿ ಎರಡು ಸಲ ಎದ್ದು ಅಂಗಳ ನೋಡುವಂತಾಯಿತು.

ಉಡುಪಿಯ ವಿಷಯಕ್ಕೆ ಬಂದರೆ ನನಗೊಂದು ವಿಚಿತ್ರ ಕಾಣುತ್ತದೆ. ಉಡುಪಿ ಹೋಟೆಲ್ ಎಂಬ ಬೋರ್ಡು ಇಲ್ಲದ ಪೇಟೆ ನಮ್ಮ ಕಡೆ ಕಡಿಮೆ. ಇಡ್ಲಿ, ವಡೆ, ಸಾಂಬಾರಿನ ರುಚಿ ನಮಗೆ ಹಚ್ಚಿದವರು ಅವರೇ. ಅವರು ಇಲ್ಲಿ ಬಂದು ನಮಗೆ ಬಡಿಸಿದರು, ನಾವು ಅಲ್ಲಿ ಹೋಗಿ ಅವರ ಮನೆಯಲ್ಲಿ ಮಲಗುತ್ತಿದ್ದೇವೆ. ಕೃಷ್ಣಮಠದ ಸುತ್ತಲ ಯಾತ್ರಿ ನಿವಾಸಗಳು ದರ್ಶನಕ್ಕೆ ಹೇಳಿ ಮಾಡಿಸಿದವು. ಬೆಳಗಿನ ಗಂಟೆ, ಕೊಳದ ಮೆಟ್ಟಿಲು, ಮಠದ ಊಟ ಎಲ್ಲ ಕಾಲ್ನಡಿಗೆಯಲ್ಲಿ. ಆದರೆ ಕಡಲಿಗೆ ಮಲ್ಪೆಯ ಆಚೆ, ಕೋಡಿ ಬೇಂಗ್ರೆಯ ಕಡೆ ಹೋಗಬೇಕು. ಅಲ್ಲಿ ನೆಲ ಬರಿಯ ಪಟ್ಟಿ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗು, ಮೀನುಗಾರರ ಮನೆ. ಅಂಥ ಮನೆಗಳಲ್ಲೊಂದರ ಎರಡು ಕೋಣೆಯನ್ನು ಬಾಡಿಗೆಗೆ ಬಿಟ್ಟಿದ್ದರು. ಹಗಲು ಕಡಲ ಗಾಳಿ, ರಾತ್ರಿ ಹೊಳೆಯ ಗಾಳಿ. ಕೋಣೆಯಲ್ಲಿ ಎಸಿ ಇತ್ತು, ಅದರ ರಿಮೋಟು ಎಲ್ಲಿದೆ ಎಂದು ನಾವು ಕೇಳಲೇ ಇಲ್ಲ.

ಹೋಂ ಸ್ಟೇ ಎಂದು ಬರೆದ ಕಟ್ಟಡವೆಲ್ಲ ಹೋಂ ಸ್ಟೇ ಅಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಮಾನ್ಯತೆಯ ನಿಯಮದಲ್ಲಿ ಗರಿಷ್ಠ ಆರು ಕೋಣೆ, ಹನ್ನೆರಡು ಹಾಸಿಗೆ ಎಂಬ ಮಿತಿ ಇದೆ, ಮನೆಯ ಒಡೆಯರು ಅಲ್ಲೇ ವಾಸವಾಗಿರಬೇಕೆಂಬ ಷರತ್ತೂ ಇದೆ. ಇಪ್ಪತ್ತು ಕೋಣೆಯ ಮೂರಂತಸ್ತಿನ ಕಟ್ಟಡಕ್ಕೆ ಈ ಹೆಸರು ಹಚ್ಚಿದ್ದರೆ ಅದು ಲಾಡ್ಜೇ. ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, "ನೀವು ಅಲ್ಲೇ ಇರ್ತೀರಾ?" ಎರಡನೆಯದು, "ರಾತ್ರಿ ಊಟಕ್ಕೆ ಏನು ಮಾಡ್ತೀರಿ?" ಇದಕ್ಕೆ ತಡವರಿಸದೆ ಉತ್ತರ ಬಂದರೆ ಒಲೆ ಉರಿಯುವ ಮನೆ ಎಂದು ತಿಳಿಯಬಹುದು. ತೀರ ದಂಡೆಗೆ ತಾಗಿ ಎದ್ದಿರುವ ಹೊಸ ಕಾಂಕ್ರೀಟನ್ನು ಕಂಡರೂ ಒಂದು ಮಾತು ಕೇಳುವುದು ಒಳ್ಳೆಯದು. ಭರತದ ಗೆರೆಯಿಂದ 500 ಮೀಟರಿನವರೆಗೆ ಕಟ್ಟಡಗಳಿಗೆ ಕಡಿವಾಣ ಹಾಕಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದದ್ದು 1991ರಲ್ಲಿ. ಆಮೇಲೆ ಅದು ಹಲವು ಸಲ ಸಡಿಲಾಗಿದ್ದರೂ ಅನುಮತಿ ಇಲ್ಲದೆ ಕಟ್ಟಿದ್ದನ್ನು ಕೆಡವುವುದು ನಿಂತಿಲ್ಲ. ಮುಂಗಡ ಕೊಟ್ಟ ಕೋಣೆ ಹೋಗುವ ಹೊತ್ತಿಗೆ ಇರಬೇಕಲ್ಲ!

ಬಾಡಿಗೆಯ ಮಾತು ಒಂದೇ ಸಾಲಿನಲ್ಲಿ: ದಿನಕ್ಕೆ 7,500 ರೂಪಾಯಿ ತನಕದ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಬಿಲ್ಲು ನೋಡಿಕೊಳ್ಳಿ.

ಊಟದಲ್ಲಿ ನಮ್ಮವರದು ದೊಡ್ಡ ಪೇಚು. ಜೋಳದ ರೊಟ್ಟಿ ಇಲ್ಲದೆ ಎರಡನೆಯ ದಿನಕ್ಕೆ ಮುಖ ಸಣ್ಣದಾಗುತ್ತದೆ. ಕುಚ್ಚಲಕ್ಕಿ ಅನ್ನವನ್ನು ನೋಡಿ "ಇದು ಬೆಂದಿಲ್ಲ" ಎಂದು ಮರಳಿ ಕಳಿಸಿದ ಹಿರಿಯರನ್ನು ನಾನೇ ಕಂಡಿದ್ದೇನೆ. ಭತ್ತ ಬೆಳೆಯುವ ಮಾನ್ವಿಯವರು, ಸೋನಾಮಸೂರಿಯ ಬಿಳಿ ಅನ್ನ ಬಿಟ್ಟು ಬೇರೆಯದನ್ನು ಅನ್ನವೆಂದೇ ಒಪ್ಪರು. ಕೊಬ್ಬರಿ ಎಣ್ಣೆಯ ಒಗ್ಗರಣೆ ಕೆಲವರಿಗೆ ತಲೆಗೆ ಹಚ್ಚುವ ಎಣ್ಣೆಯ ನೆನಪು ತರುತ್ತದೆ. ಹಾಗಾಗಿ ಪ್ರತಿ ಗಾಡಿಯಲ್ಲೂ ಒಂದು ಡಬ್ಬಿ ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಇರುತ್ತದೆ, ಇರಲಿ. ತಿಂಗಳಾದರೂ ಕೆಡದ ರೊಟ್ಟಿ ಕಡಲ ಗಾಳಿಗೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ ಎಂಬುದೂ ನೆನಪಿರಲಿ, ಡಬ್ಬಿ ಬಿಗಿಯಾಗಿ ಮುಚ್ಚಿ. ಆದರೆ ಒಂದು ಹೊತ್ತಾದರೂ ಆ ಮನೆಯವರ ಅಡುಗೆ ಉಣ್ಣಿ. ಮೀನು ತಿನ್ನುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದನ್ನು ತಿಳಿದಿರಬೇಕು. ಆ 61 ದಿನಗಳಲ್ಲಿ ಮೆನುವಿನಲ್ಲಿರುವ ದೊಡ್ಡ ಮೀನು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಕೇಳುವುದು ತಪ್ಪಲ್ಲ.

ಹಾಗಾದರೆ ಯಾವಾಗ ಹೋಗುವುದು? ಶಾಲೆಗೆ ಸೂಟಿ ಇರುವುದು ಏಪ್ರಿಲ್, ಮೇ. ಅಂಟುಬೆವರಿನ ಕಾಲವೂ ಅದೇ. ಮಳೆಗಾಲದಲ್ಲಿ ಕರಾವಳಿ ನೋಡಲು ಬಹಳ ಸೊಗಸು, ಆದರೆ ಕಡಲಿಗೆ ಇಳಿಯುವಂತಿಲ್ಲ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ದೋಣಿಯೂ ಓಡುವುದಿಲ್ಲ. ನನ್ನ ಕೇಳಿದರೆ ತುಂಗಭದ್ರಾ ಎಡದಂಡೆಯ ಭತ್ತ ಮಾರಾಟವಾಗಿ, ದೇವದುರ್ಗದ ಕಡೆ ಹತ್ತಿಯ ಮೊದಲ ಬಿಡಿಕೆ ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಜನವರಿಯೇ ಸರಿ. ಮಕ್ಕಳಿಗೆ ಮೂರು ದಿನ ಶಾಲೆ ತಪ್ಪಿದರೆ ಆಕಾಶವೇನೂ ಬೀಳದು. ಮೇಷ್ಟ್ರಾದವರು ಕ್ಷಮಿಸಬೇಕು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಕೃಷ್ಣೆಯಲ್ಲಿ ಈಜಿದವನಿಗೆ ಕಡಲಿನ ಸೆಳವು ಗೊತ್ತಿರುವುದಿಲ್ಲ. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ, ಕಡಲು ಕಾಲ ಕೆಳಗಿನ ಮರಳನ್ನೇ ಎಳೆದೊಯ್ಯುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮ ಹಾಗೆ ಒಳನಾಡಿನ ಮಕ್ಕಳು. ಆದ್ದರಿಂದ ವಸ್ತಿ ಆರಿಸುವಾಗ ಹತ್ತಿರದ ದಂಡೆಯಲ್ಲಿ ಜೀವರಕ್ಷಕರಿದ್ದಾರೆಯೇ, ಸ್ನಾನಕ್ಕೆ ಗುರುತು ಹಾಕಿದ ಜಾಗ ಇದೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊನ್ನಾವರದ ಹತ್ತಿರದ ಕಾಸರಕೋಡು, ಉಡುಪಿಯ ಕೆಳಗಿನ ಪಡುಬಿದ್ರಿ ಈ ಎರಡು ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು ಇಂಥ ವ್ಯವಸ್ಥೆ, ಸ್ವಚ್ಛತೆ ನೋಡಿಯೇ. ಮಕ್ಕಳಿರುವ ಗಾಡಿಗಳು ಅವುಗಳ ಆಸುಪಾಸಿನಲ್ಲಿ ಕೋಣೆ ಹುಡುಕಬಹುದು.

ಇಷ್ಟೆಲ್ಲ ವಿದ್ಯೆ ನಾನೇ ಕಂಡುಹಿಡಿದದ್ದಲ್ಲ. ಅರ್ಧದಷ್ಟನ್ನು ಹೇಳಿಕೊಟ್ಟವನು ಒಬ್ಬ ವಾಚ್‌ಮನ್. ಎರಡನೆಯ ಸಲ ಹೋದಾಗ ಒಂದು ಲಾಡ್ಜಿನ ಕೌಂಟರಿನಲ್ಲಿ ಕಡಲು ಕಾಣುವ ಕೋಣೆಗೆ ಹಣ ಎಣಿಸುತ್ತಿದ್ದೆ. ನಮ್ಮ ಮಾತು ಕೇಳಿ ಗೇಟಿನಿಂದ ಓಡಿಬಂದ.

"ಯಾವೂರ್‌ರೀ ಸರ?"

"ಮಾನ್ವಿ."

"ನಮ್ದು ದೇವದುರ್ಗ ತಾಲೂಕ್ ರೀ. ಗಬ್ಬೂರ್ ಕಡಿ."

ಆಮೇಲೆ ದನಿ ತಗ್ಗಿಸಿದ. "ಆ ರೂಮ್ ಬ್ಯಾಡ್ರಿ. ಕೆಳಗ ಜನರೇಟರ್ ಐತಿ, ರಾತ್ರಿ ಪೂರಾ ದಡದಡ ಅಂತೈತಿ. ಹಿಂದ ಮೂಲಿ ರೂಮ್ ಕೇಳ್ರಿ, ಎರಡೂ ಕಿಡಿಕಿ ತಗದು ಮಲಗ್ರಿ."

ಕೇಳಿದೆವು, ಮಲಗಿದೆವು. ಬೆಳಿಗ್ಗೆ ಅವನ ಜೊತೆ ಚಹಾ ಕುಡಿಯುವಾಗ ತಿಳಿಯಿತು, ಆ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ಅವನೂ ಒಬ್ಬ. ಗುಳೆ ಬಂದು ಗಾರೆ ಕೆಲಸ ಮಾಡಿ, ಕಟ್ಟಡ ಮುಗಿದ ಮೇಲೆ ಅಲ್ಲೇ ಕಾವಲಿಗೆ ಉಳಿದವನು. ಯಾವ ಗೋಡೆಯಲ್ಲಿ ಪೈಪು ಸೋರುತ್ತದೆ, ಯಾವ ಕೋಣೆಗೆ ಗಾಳಿ ಬರುತ್ತದೆ ಎಂದು ಅವನಷ್ಟು ಬಲ್ಲವರು ಯಾರಿದ್ದಾರೆ? ಉಡುಪಿ, ಮಂಗಳೂರು, ಮಲ್ಪೆಯ ಬಂದರು, ಎಲ್ಲಿ ಹೋದರೂ ರಾಯಚೂರು, ಯಾದಗಿರಿ, ಕೊಪ್ಪಳದ ಇಂಥ ಕೈಗಳು ಸಿಗುತ್ತವೆ. ನಾವು ರಜೆಗೆ ಹೋಗುವ ಊರಿಗೆ ಅವರು ಹೊಟ್ಟೆಪಾಡಿಗೆ ಹೋಗಿರುತ್ತಾರೆ. ಈಗ ನಾನು ಯಾವ ಲಾಡ್ಜಿಗೆ ಹೋದರೂ ಮೊದಲು ಮಾತಾಡಿಸುವುದು ಗೇಟಿನವರನ್ನು.

"ನೀ ಎಲ್ಲಿ ಮಲಗ್ತಿ?" ಎಂದು ಕೇಳಿದೆ. ಜನರೇಟರಿನ ಪಕ್ಕದ ತಗಡಿನ ಶೆಡ್ಡು ತೋರಿಸಿದ.

"ಮಾಳಿಗಿ ಮ್ಯಾಲ ಮಲಗೋ ರೂಢಿ ನೋಡ್ರಿ ನಮಗ. ಇಲ್ಲಿ ಅದು ಆಗಂಗಿಲ್ಲ. ಮಂಜು ಬೀಳ್ತೈತಿ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಊರ ಕಡಿ ಮಳಿ ಆತೇನ್ರಿ?"

ಹೊರಡುವಾಗ ನನ್ನ ಹೆಂಡತಿ ಉಳಿದಿದ್ದ ರೊಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ಮೆತ್ತಗಾಗಿದ್ದವು, ಅವಳಿಗೆ ಸಂಕೋಚ. ಅವನು ಒತ್ತಿ ನೋಡಿ, ಪೊಟ್ಟಣವನ್ನು ಮತ್ತೆ ಕಟ್ಟಿ, ಗೇಟು ತೆಗೆಯುತ್ತ ಕೇಳಿದ:

"ಅಕ್ಕಾರ, ಹಿಂಡಿ ಏನರ ಉಳದೈತೇನ್ರಿ?"